ಆರನೇ ಕಂತು

ಪತ್ರಿಕೆಯ ಒಳಪುಟದಲ್ಲಿ ಅಂಗೈಯಗಲದ ಸುದ್ದಿ:
‘ಲಂಗರು’ ಸಿನಿಮಾ ಆಗಿದೆಯಂತೆ, ಅಮೆರಿಕದವರು ಮಾಡಿದ್ದಂತೆ,
ನವೆಂಬರಿಗೆ ನಮ್ಮೂರಿಗೂ ಬರುತ್ತದಂತೆ.
ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ.
ಟೋಸ್ಟು ಕರಕಲಾಯಿತು.

ಎಂಬತ್ತೈದರ ಚಳಿಗಾಲ. ಗ್ರಿಮ್ಸ್‌ಬಿಯ ಹಡಗುಕಟ್ಟೆಯಲ್ಲಿ
ಅರ್ಧ ದೋಣಿಗಳಿಗೆ ತುಕ್ಕು ಹಿಡಿಯುವುದೇ ಕೆಲಸ.
ಮಂಗಳವಾರ ರಾತ್ರಿ ಒಂಬತ್ತಕ್ಕೆ ಬೀದಿಗೆ ಬೀದಿಯೇ ಮನೆಯೊಳಗೆ.
ಪಬ್ಬಿನಲ್ಲಿ ಹೆಸ್ಕೆತ್ ಒಬ್ಬನೇ ಗ್ಲಾಸು ಒರೆಸುತ್ತ
ಗಿರಾಕಿಗಳನ್ನು ಕದ್ದ ಪೆಟ್ಟಿಗೆಗೆ ಶಾಪ ಹಾಕಿದ,
ಮೂರನೇ ವಾರ ತಾನೂ ಒಂದು ತಂದು ಕೌಂಟರಿನ ಮೇಲಿಟ್ಟ.

ನಾಯಕಿಯೆಂದರೆ ನಾಯಕಿಯಲ್ಲ, ವಿಮಾ ಕಚೇರಿಯ ಗುಮಾಸ್ತೆ.
ಕಂದು ಸ್ವೆಟರು, ಮೊಣಕೈಗೆ ತೇಪೆ, ನೆಗಡಿ ಬಿಡದ ಮೂಗು.
ಮುಳುಗಿದ ಹಡಗೊಂದರ ಲೆಕ್ಕದಲ್ಲಿ
ಏಳು ಪೌಂಡು ತಾಳೆಯಾಗುವುದಿಲ್ಲವೆಂದು
ಐದು ವಾರ ಅವಳು ಮಲಗಲಿಲ್ಲ, ನಮ್ಮನ್ನೂ ಮಲಗಗೊಡಲಿಲ್ಲ.
ಮಾತು ಕಮ್ಮಿ. ಒಮ್ಮೆಯಂತೂ ಕೆಟಲು ಕುದಿಯುವವರೆಗೂ
ಕಿಟಕಿಯ ಬಳಿ ಬರಿದೇ ನಿಂತಳು,
ಎರಡು ನಿಮಿಷ, ನಾನೇ ಗಡಿಯಾರ ನೋಡಿದ್ದೇನೆ.
‘ಬೆರಿಲ್, ಥೇಟ್ ನೀನೇ’ ಅಂದ ವಿಲ್ಫ್.
ಮದುವೆಯ ದಿನವೂ ಅಷ್ಟು ದೊಡ್ಡ ಮಾತು ಆಡಿದವನಲ್ಲ.

ಬಾಡಿಗೆ ಟೀವಿ ನಮ್ಮದು, ಬೆನ್ನಿಗೊಂದು ಹುಂಡಿ.
ಏಳು ಮೂಲೆಯ ಐವತ್ತು ಪೆನ್ನಿ ಹಾಕಿದರೆ
ಇಷ್ಟು ಗಂಟೆ ಬೆಳಕು, ಆಮೇಲೆ ಇಲ್ಲ.
ಕೊನೆಯ ಕಂತು. ಸತ್ತ ಕ್ಯಾಪ್ಟನ್ನನ ಮೇಜಿನ ಖಾನೆಗೆ
ಕೀಲಿ ಹಾಕಿದಳು, ತಿರುಗಿಸಿದಳು,
ಎಳೆದಳು—

ಟಪ್.

ಗಾಜಿನೊಳಗೆ ನಾನು, ವಿಲ್ಫ್, ಇಸ್ತ್ರಿ ಹಲಗೆ.
ಕಾಲುಚೀಲದಲ್ಲೇ ಓಡಿದ ಎದುರುಮನೆಯ ಎನಿಡ್ ಹತ್ತಿರ.
ಬಾಗಿಲು ಬಡಿದದ್ದೇ ಬಡಿದದ್ದು.
ಅವಳೇಕೆ ತೆಗೆದಾಳು, ಅವಳೂ ಅದನ್ನೇ ನೋಡುತ್ತಿದ್ದಳು!
ನಾಣ್ಯ ಬೀಳುವ ಹೊತ್ತಿಗೆ ತೆರೆಯ ತುಂಬ ಹೆಸರುಗಳು
ಒಂದರ ಹಿಂದೊಂದು ಮೇಲೆ ಹೋಗುತ್ತಿದ್ದವು.

ಮರುದಿನ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅದೇ.
ನಾನು ಹ್ಯಾಡಕ್ಕಿನ ಲೋಳೆ ಮೆತ್ತಿದ ಕೈಗವಸಿನಲ್ಲೇ ಕಿವಿ ಮುಚ್ಚಿಕೊಂಡೆ.
ಯಾಕೋ ಇನ್ನೊಬ್ಬರ ಬಾಯಿಂದ ಬೇಡವೆನಿಸಿತು.
ಆಮೇಲೆ ಅದೇ ಒಂದು ಆಟವಾಯಿತು.
ಪಾತ್ರೆ ತೊಳೆಯುತ್ತ ಕೇಳುತ್ತಿದ್ದೆ: ಖಾನೆಯಲ್ಲಿ ಏನಿತ್ತು?
ಒರೆಸುತ್ತ ಹೇಳುತ್ತಿದ್ದ: ಕ್ಯಾಪ್ಟನ್ನನ ಕಟ್ಟುಹಲ್ಲು.
ಇನ್ನೊಂದು ದಿನ, ಮಗುವಿನ ಒಂಟಿ ಬೂಟು.
ಜಗಳವಾದ ದಿನ, ನಿನ್ನಮ್ಮ.
ಉಸಿರಿಗೆ ಕೊಳವೆ ಹಾಕಿದ್ದ ವಾರ, ಕೇಳದೆಯೇ ಹೇಳಿದ:
‘ಖಾಲಿ ಕಣೇ. ಮೊದಲಿಂದಲೂ ಖಾಲಿ.’
ನಾಳೆ ಬದಲಾಯಿಸುತ್ತಾನೆ ಅಂದುಕೊಂಡು ಮನೆಗೆ ಬಂದೆ.

ಮೊಮ್ಮಗ ತಂದುಕೊಟ್ಟ ಡಿವಿಡಿ ಇದೆ, ಆರೂ ಕಂತು.
ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿಲ್ಲ,
ಟೀಪಾಟಿನ ಕೆಳಗೆ ಚೆನ್ನಾಗಿ ಕೂರುತ್ತದೆ.

ಈಗ ಇದು ಬರುತ್ತಿದೆ. ಆರು ಗಂಟೆಯನ್ನು ಎರಡು ಗಂಟೆಗೆ ಇಳಿಸಿ
ಕನ್ನಡಿಯಲ್ಲಿ ಆನೆ ತೋರಿಸುತ್ತಾರೆ.
ಊರು ಬಾಸ್ಟನ್ ಆಗಿದೆ. ಗುಮಾಸ್ತೆಗೆ ವಯಸ್ಸು ಇಳಿದಿದೆ,
ಪಿಸ್ತೂಲು ಸಿಕ್ಕಿದೆ, ನೆಗಡಿ ವಾಸಿಯಾಗಿದೆ.
ಜಾಹೀರಾತಿನ ತುಣುಕಿನಲ್ಲಿ ಓಡುತ್ತಲೇ ಇರುತ್ತಾಳೆ,
ಯಾವಾಗ ಕೂಡಿಸಿ ಕಳೆಯುತ್ತಾಳೋ!
ಕೆಟಲಿನ ಎರಡು ನಿಮಿಷ ಉಳಿಸಿದ್ದಾರೆಯೇ?
ಅಮೆರಿಕದವರು ಕೆಟಲು ಇಡುವುದುಂಟೇ?
ಎನಿಡ್ ಫೋನಿನಲ್ಲಿ ಬೈಯುತ್ತಾಳೆ, ನಾನೂ ಸೇರಿ ಬೈಯುತ್ತೇನೆ,
ಫೋನಿಟ್ಟು ಕ್ಯಾಲೆಂಡರಿನಲ್ಲಿ ಇನ್ನೊಂದು ದಿನ ಹೊಡೆಯುತ್ತೇನೆ.

ನಿನ್ನೆ ಟಿಕೇಟಿಗೆ ಹೋಗಿದ್ದೆ, ಮೂರು ವಾರ ಮೊದಲೇ.
ಕೌಂಟರಿನ ಹುಡುಗಿಗೆ ಹುಬ್ಬಿನಲ್ಲಿ ಉಂಗುರ.
ಎಷ್ಟು ಹೊತ್ತಿನದು ಅಂತ ಕೇಳಿದೆ.
ನೂರ ಹದಿನೆಂಟು ನಿಮಿಷ ಅಂದಳು.
ನೂರ ಎಂಟು, ಅಂತ ಮನಸ್ಸಿನಲ್ಲೇ ಬರೆದುಕೊಂಡೆ.
ಅಂಚಿನ ಸೀಟು ಕೊಡಮ್ಮ, ಬಾಗಿಲ ಪಕ್ಕದ್ದು.
‘ಮಂಡಿ ನೋವಾ?’ ಎಂದಳು.
ಹೂಂ, ಮಂಡಿಯೇ ಅಂದೆ.